ಮೂಗಿಗಿಂತ ಮೇಷ್ಟ್ರನ್ನು ನಂಬಿದವಳು

ಪರೀಕ್ಷೆಯ ಹಾಲ್‌ನೊಳಗೆ ಕಾಲಿಟ್ಟರೆ ಪುಟ್ಟಿಯ ಕೈ ತಣ್ಣಗಾಗುತ್ತಿತ್ತು. ಇದು ಸುಮ್ಮನೆ ಮಾತಿಗೆ ಹೇಳಿದ್ದಲ್ಲ. ಪಕ್ಕದ ಬೆಂಚಿನವಳು ಒಮ್ಮೆ ಮುಟ್ಟಿ ನೋಡಿ, ಮಂಜುಗಡ್ಡೆ ಕಣೇ, ಎಂದು ಕೈ ಹಿಂದಕ್ಕೆ ಎಳೆದುಕೊಂಡಿದ್ದಳು. ಬೆರಳು ನಡುಗಿದರೆ ಪೆನ್ನು ಕುಣಿಯುತ್ತಿತ್ತು, ಪೆನ್ನು ಕುಣಿದರೆ ಅಕ್ಷರ ಕುಣಿಯುತ್ತಿತ್ತು, ಅಕ್ಷರ ಕುಣಿದರೆ ಉತ್ತರ ತಿದ್ದುವವರು ಸಿಟ್ಟಿನಿಂದ ಕುಣಿಯುತ್ತಿದ್ದರು. ಹಿಂದಿನ ದಿನ ಯಾವ ಪಾಠ ಕೇಳಿದರೂ ಪಟಪಟನೆ ಹೇಳಿದವಳು, ಕಾವಲಿನವರ ಬೂಟಿನ ಸದ್ದು ಬೆನ್ನ ಹಿಂದೆ ಬಂತೆಂದರೆ ಸಾಕು, ಹತ್ತಿ ಗಿಡದಲ್ಲಿ ಬಿಡುತ್ತದೋ ಕುರಿಯ ಮೈಮೇಲೆ ಬೆಳೆಯುತ್ತದೋ ಎಂಬುದನ್ನೂ ಮರೆತು ಕೂರುತ್ತಿದ್ದಳು.

ಓದುತ್ತಿದ್ದದ್ದು ಬಟ್ಟೆಯ ಕಾಲೇಜಿನಲ್ಲಿ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಕೊನೆಗೆ ತಯಾರಾದ ಬಟ್ಟೆಯಲ್ಲಿ ಏನೇನು ಬೆರೆತಿದೆ ಎಂದು ಕಂಡುಹಿಡಿಯುವುದು, ಇಷ್ಟನ್ನೂ ಅಲ್ಲಿ ಕಲಿಸುತ್ತಿದ್ದರು. ಪುಟ್ಟಿ ಎಂಬುದು ಮನೆಯವರು ಇಟ್ಟ ಮುದ್ದಿನ ಹೆಸರು. ಅದನ್ನು ಕಾಲೇಜಿಗೆ ತಂದು ಊರೆಲ್ಲ ಹಂಚಿದವಳು ದೊಡ್ಡಮ್ಮನ ಮಗಳು. ವಯಸ್ಸಿನಲ್ಲಿ ಒಂದು ವರ್ಷ ದೊಡ್ಡವಳು, ತರಗತಿ ಮಾತ್ರ ಒಂದೇ. ಪುಟ್ಟಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇಬ್ಬರಿಗೂ ಸೇರಿ ಒಂದು ಕೋಣೆ. ಎರಡು ಮಂಚ, ಮೂಲೆಯಲ್ಲಿ ಒಂದು ಹಲಗೆಯ ಮೇಲೆ ಒಲೆ, ಪಕ್ಕದ ಕಟ್ಟಡದ ಗೋಡೆಯನ್ನೇ ನೋಡುವ ಒಂದು ಕಿಟಕಿ. ಆ ಕಿಟಕಿಯಿಂದ ಗಾಳಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಬಟ್ಟೆ ಗುರುತಿಸುವುದನ್ನು ಕಲಿಸುತ್ತಿದ್ದವರು ಬಟ್ಟೆ ಮೇಷ್ಟ್ರು. ತರಗತಿಗೆ ಬಂದವರೇ ಒಂದು ಮೇಣದ ಬತ್ತಿ ಹಚ್ಚಿ, ಚಿಮಟದಲ್ಲಿ ನೂಲು ಹಿಡಿದು ಸುಟ್ಟು, ಎಲ್ಲರ ಮೂಗಿನ ಮುಂದೆ ಹಿಡಿಯುತ್ತಿದ್ದರು. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ ಮಣಿಯ ಹಾಗೆ ಗಟ್ಟಿಯಾದರೆ ಕಾರ್ಖಾನೆಯ ನೂಲು. ಇಷ್ಟು ಎಲ್ಲರಿಗೂ ಬಂತು. ಬೆರಕೆ ಬಟ್ಟೆ ಬಂದಾಗ ಮಾತ್ರ ಎಲ್ಲರೂ ಕಕ್ಕಾಬಿಕ್ಕಿ, ನಾಲ್ಕಾರು ಸಲ ಸುಟ್ಟರೇ ಗೊತ್ತಾಗುತ್ತಿದ್ದದ್ದು. ಪುಟ್ಟಿ ಮಾತ್ರ ಕಣ್ಣು ಮುಚ್ಚಿ, ಹತ್ತಿ ಸಾರ್, ಅದರ ಕೆಳಗೆ ಎಲ್ಲೋ ಚೂರು ಉಣ್ಣೆ, ಎನ್ನುತ್ತಿದ್ದಳು. ಮೇಷ್ಟ್ರು ಖುಷಿಯಿಂದ ಮೇಜು ಗುದ್ದಿ, "ಪದವಿ ಇವಳಿಗಲ್ಲ ಕಣ್ರೋ, ಇವಳ ಮೂಗಿಗೆ ಕೊಡ್ಬೇಕು" ಎಂದಿದ್ದರು.

ಯಾರೂ ಹೊಗಳದ ಹುಡುಗಿಗೆ ಒಬ್ಬರು ಹೊಗಳಿದರೆ ಏನಾಗುತ್ತದೆ? ಅವರು ಹೇಳಿದ್ದೇ ವೇದವಾಗುತ್ತದೆ. ಪುಟ್ಟಿಗೂ ಹಾಗೇ ಆಯಿತು.

ಮೇಷ್ಟ್ರಿಗೆ ಬಹಳ ದಿನದಿಂದ ಒಂದು ಹಟವಿತ್ತು. ಪರೀಕ್ಷೆಯನ್ನು ಮನೆಗೆ ಕೊಟ್ಟು ಕಳಿಸಬೇಕು, ಹಾಲ್‌ನಲ್ಲಿ ಕೂಡಿಹಾಕಿ ಬರೆಸಬಾರದು ಎಂದು. ಅದಕ್ಕೆ ಅಡ್ಡ ನಿಂತವರು ಬಣ್ಣದ ಮೇಡಂ. ಬಣ್ಣ ಹಾಕುವುದನ್ನು ಕಲಿಸುತ್ತಿದ್ದ ಅವರ ಉಗುರುಗಳು ಸದಾ ನೀಲಿ ಇಲ್ಲವೇ ಕೆಂಪಗಿರುತ್ತಿದ್ದವು. ಮುಖದಲ್ಲಿ ಮಾತ್ರ ಯಾವ ಬಣ್ಣವೂ ಬದಲಾಗುತ್ತಿರಲಿಲ್ಲ. ಪ್ರಿನ್ಸಿಪಾಲರ ಕೋಣೆಯಲ್ಲಿ ಸಮಿತಿ ಕೂತಾಗ ಮೇಷ್ಟ್ರು ಒಬ್ಬ ವಿದ್ಯಾರ್ಥಿಯ ಮಾತನ್ನೂ ಕೇಳಿ ಎಂದು ಪುಟ್ಟಿಯನ್ನು ಕರೆದೊಯ್ದರು.

"ಹೆದರಿದ ತಲೆ ಯೋಚನೆ ಮಾಡಲ್ಲ ಮೇಡಂ" ಎಂದರು ಮೇಷ್ಟ್ರು. "ನಾಳೆ ಇವರು ಗಿರಣೀಲಿ ಕೆಲಸ ಮಾಡುವಾಗ ಯಾರಾದ್ರೂ ಗಡಿಯಾರ ಹಿಡ್ಕೊಂಡು ಹಿಂದೆ ನಿಂತಿರ್ತಾರಾ? ಪುಸ್ತಕ ತೆರೆದು ನೋಡ್ಲಿ, ನಿಧಾನವಾಗಿ ಮಾಡ್ಲಿ."

"ನಿಧಾನವಾಗಿ ಕದೀತಾರೆ" ಎಂದರು ಬಣ್ಣದ ಮೇಡಂ. "ಅಲ್ಲದೆ ಮನೇಲಿ ಇವರಿಗೆ ಸೂಕ್ಷ್ಮದರ್ಶಕ ಎಲ್ಲಿಂದ ಬರ್ಬೇಕು?"

"ಮೂಗಿದೆಯಲ್ಲ."

"ಮೂಗು ಎಲ್ಲರಿಗೂ ಇದೆ. ನಂಬಿಕೆ ಎಷ್ಟು ಜನಕ್ಕಿದೆ ಅನ್ನೋದು ಪ್ರಶ್ನೆ. ನಾನಂತೂ ಯಾರನ್ನೂ ನಂಬಲ್ಲಪ್ಪ. ಪರೀಕ್ಷೆ ದಿನ ನನ್ನನ್ನ ನಾನೇ ನಂಬಲ್ಲ."

ಆಗ ಪ್ರಿನ್ಸಿಪಾಲ್ ಮೇಡಂ ಪುಟ್ಟಿಯ ಕಡೆ ತಿರುಗಿದರು. ಬಾಯಿ ಒಣಗಿದ್ದರೂ ಪುಟ್ಟಿ ಎದ್ದು ನಿಂತು, ಹಾಲ್‌ನಲ್ಲಿ ತನ್ನ ಕೈ ನಡುಗುವುದನ್ನು, ಗೊತ್ತಿದ್ದದ್ದೂ ಮರೆತುಹೋಗುವುದನ್ನು ಹೇಳಿದಳು. ಕೊನೆಗೆ, "ನಮ್ಮನ್ನ ನಂಬಿ ಕೊಟ್ರೆ ನಾವು ಮೋಸ ಮಾಡಲ್ಲ ಮೇಡಂ. ನನ್ನ ಮಟ್ಟಿಗೆ ನಾನು ಮಾತು ಕೊಡ್ತೀನಿ" ಎಂದಳು. ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಈ ಸಲ ಒಂದು ವಿಷಯಕ್ಕೆ ಮಾತ್ರ ಪ್ರಯೋಗ ಮಾಡಿ ನೋಡಿ, ಫಲಿತಾಂಶ ಬಂದಮೇಲೆ ಮತ್ತೆ ಕೂರೋಣ ಎಂದು ಪ್ರಿನ್ಸಿಪಾಲ್ ಒಪ್ಪಿದರು.

ಪರೀಕ್ಷೆಯ ದಿನ ಬಟ್ಟೆ ಮೇಷ್ಟ್ರು ಒಂದು ಬುಟ್ಟಿ ತುಂಬ ಪೊಟ್ಟಣ ತಂದರು. ಒಬ್ಬೊಬ್ಬರಿಗೆ ಒಂದೊಂದು. ಒಳಗೆ ಅಂಗೈಯಗಲದ ಬಟ್ಟೆಯ ತುಂಡು. ಒಂದು ಹಳದಿ, ಒಂದು ಬೂದು, ಒಂದು ಇಟ್ಟಿಗೆ ಕೆಂಪು. ಪುಟ್ಟಿಗೆ ಹಸಿರು ಬಂತು, ಅಕ್ಕನಿಗೆ ಕಂದು.

"ಇದರಲ್ಲಿ ಏನಿದೆ ಅಂತ ಕಂಡುಹಿಡಿದು ಬರೀಬೇಕು. ಒಂದು ಚೂರು ಉಳಿಸಿ ಉತ್ತರದ ಹಾಳೆಗೆ ಅಂಟಿಸಿ, ನಾಡಿದ್ದು ತಂದ್ಕೊಡ್ಬೇಕು" ಎಂದರು ಮೇಷ್ಟ್ರು. "ಒಬ್ಬೊಬ್ಬರದೂ ಬೇರೆ ಬೇರೆ ಬಟ್ಟೆ. ಒಬ್ಬರದಿದ್ದ ಹಾಗೆ ಇನ್ನೊಬ್ಬರದಿಲ್ಲ. ಹಾಗಾಗಿ ಪಕ್ಕದವರನ್ನ ಕೇಳಿ ಪ್ರಯೋಜನ ಇಲ್ಲ. ಕೇಳಲ್ಲ ಅಂತಾನೂ ನಂಗೊತ್ತು. ನಿಮ್ಮನ್ನ ನಂಬಿ ಕೊಡ್ತಾ ಇದ್ದೀನಿ."

ಆ ಕೊನೆಯ ಮಾತು ಹೇಳುವಾಗ ಅವರು ಪುಟ್ಟಿಯನ್ನೇ ನೋಡಿದರು. ಪುಟ್ಟಿಯ ಎದೆ ಉಬ್ಬಿತು. ಪಾಪದ ಹುಡುಗಿ.

ಕೋಣೆಗೆ ಬಂದವಳೇ ಅವಳು ಅಕ್ಕನೊಂದಿಗೆ ಕರಾರು ಮಾಡಿದಳು. ಪರೀಕ್ಷೆ ಮುಗಿಯುವ ತನಕ ಬಟ್ಟೆಯ ಬಗ್ಗೆ ಇಬ್ಬರೂ ಒಂದಕ್ಷರ ಮಾತಾಡಬಾರದು. ಒಬ್ಬಳು ಸುಡುವಾಗ ಇನ್ನೊಬ್ಬಳು ಹೊರಗಿರಬೇಕು.

"ನಿನ್ನದೊಳ್ಳೆ ಮಡಿ ಕಣೇ" ಎಂದು ಅಕ್ಕ ನಕ್ಕಳು. "ಬೇರೆ ಬೇರೆ ಬಟ್ಟೆ ಅಂದಮೇಲೆ ಮಾತಾಡಿದ್ರೆ ಏನಂತೆ?"

"ಸಮಿತಿ ಮುಂದೆ ನಾನು ಮಾತು ಕೊಟ್ಟಿದ್ದೀನಿ ಅಕ್ಕ."

"ಸರಿ ತಾಯಿ. ನಿನ್ನ ಮಾತು, ನಿನ್ನ ಮೇಷ್ಟ್ರು."

ಮೊದಲು ಅಕ್ಕನ ಸರದಿ. ಪುಟ್ಟಿ ಮೆಟ್ಟಿಲ ಮೇಲೆ ಕೂತಿದ್ದಳು. ಕೆಳಗೆ ಸೈಕಲ್ ಅಂಗಡಿಯವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ಅಕ್ಕ ಕರೆದಾಗ ಒಳಗೆ ಹೋದರೆ ಮೂಗಿಗೆ ಮೊದಲು ಹೊಡೆದದ್ದೇ ಕೂದಲು ಸುಟ್ಟ ವಾಸನೆ. ಹೆಚ್ಚೇನಲ್ಲ. ಬೇರೆ ಯಾರೇ ಆಗಿದ್ದರೂ ಅದನ್ನು ಗಮನಿಸುತ್ತಿರಲಿಲ್ಲ. ಪುಟ್ಟಿ ಮೂಗು ಮುಚ್ಚಿಕೊಂಡು ಓಡಿಹೋಗಿ ಕಿಟಕಿ ತೆರೆದಳು.

"ಏನೇ ಅದು, ಹೆಣ ಸುಟ್ಟ ಹಾಗೆ ಆಡ್ತೀಯ?" ಎಂದಳು ಅಕ್ಕ.

"ನಿನ್ನ ಬಟ್ಟೆ ಏನು ಅಂತ ನಂಗೆ ಗೊತ್ತಾಗಬಾರ್ದು. ನೀನು ಏನೂ ಹೇಳ್ಬೇಡ."

ಗಾಳಿ ಆಡಲಿ ಎಂದು ಬಹಳ ಹೊತ್ತು ಕಾದು, ಪುಟ್ಟಿ ತನ್ನ ಹಸಿರು ತುಂಡಿನ ಅಂಚಿನಿಂದ ನೂಲು ಬಿಡಿಸಿ ಸುಟ್ಟಳು. ಥಟ್ಟನೆ ಹೊತ್ತಿಕೊಂಡಿತು. ಕಾಗದದ ವಾಸನೆ, ಬೂದುಬಣ್ಣದ ಮೆತ್ತನೆಯ ಬೂದಿ. ಹತ್ತಿ, ಅನುಮಾನವೇ ಇಲ್ಲ. ಆದರೆ ಅದರ ಕೆಳಗೆ, ಎಲ್ಲೋ ಆಳದಲ್ಲಿ, ಚೂರು ಕೂದಲು. ಇನ್ನೊಂದು ನೂಲು ಸುಟ್ಟಳು. ಅದೇ. ಮತ್ತೊಂದು ಸುಟ್ಟಳು. ಅದೇ. ಹಾಳೆಯ ಮೇಲೆ, ಹತ್ತಿಯ ಜೊತೆಗೆ ಸ್ವಲ್ಪ ಉಣ್ಣೆ, ಎಂದು ಬರೆದಳು. ಮನೆಯಲ್ಲಿ ಕೂತು ಬರೆದದ್ದರಿಂದ ಅಕ್ಷರಗಳು ಕುಣಿಯದೆ ಸಾಲಾಗಿ ನಿಂತಿದ್ದವು.

ಬರೆದಾದ ಮೇಲೆ ಹುಳ ಕೊರೆಯಲು ಶುರುವಾಯಿತು. ಅಕ್ಕನ ಬಟ್ಟೆಯಲ್ಲೂ ಉಣ್ಣೆ ಇತ್ತಲ್ಲ. ಎಲ್ಲರದೂ ಬೇರೆ ಬೇರೆ ಎಂದು ಮೇಷ್ಟ್ರು ಬಾಯಿಬಿಟ್ಟು ಹೇಳಿದ್ದಾರೆ. ಹಾಗಾದರೆ ತನಗೆ ಬಂದ ವಾಸನೆ ತನ್ನ ನೂಲಿನದ್ದೋ, ಅಕ್ಕ ಸುಟ್ಟದ್ದು ಕೋಣೆಯಲ್ಲಿ ನಿಂತದ್ದೋ? ಮರುದಿನ ಮೆಟ್ಟಿಲ ಮೇಲೆ ಕೂತು ಮತ್ತೆ ಸುಟ್ಟು ನೋಡಿದಳು. ಅಲ್ಲೂ ಅದೇ ಚೂರು ವಾಸನೆ. ಆದರೆ ಬಟ್ಟೆ ಇದ್ದದ್ದು ಅದೇ ಕೋಣೆಯಲ್ಲಿ. ಬಟ್ಟೆಯ ಹಾಗೆ ವಾಸನೆ ಕುಡಿಯುವುದು ಮತ್ತೊಂದಿಲ್ಲ ಎಂದು ಕಲಿಸಿದವರೂ ಮೇಷ್ಟ್ರೇ. ಸುಟ್ಟು ಸುಟ್ಟು ಈಗ ಉಳಿದದ್ದು ಹಾಳೆಗೆ ಅಂಟಿಸಲು ಬೇಕಾದಷ್ಟೇ ಚೂರು.

ಒಂದು ಕಡೆ ಅವಳ ಮೂಗು, ಇನ್ನೊಂದು ಕಡೆ ಮೇಷ್ಟ್ರ ಮಾತು. ಮೂಗು ತಪ್ಪಬಹುದು, ಮೇಷ್ಟ್ರು ಸುಳ್ಳು ಹೇಳುತ್ತಾರೆಯೇ? ಅವಳು ಉಣ್ಣೆಯನ್ನು ಹೊಡೆದುಹಾಕಿ, ಶುದ್ಧ ಹತ್ತಿ, ಎಂದು ಬರೆದಳು. ಯಾಕೆ ಹೊಡೆದೆ ಎಂದು ಕಾರಣ ಬರೆಯಲು ಹೋಗಿ ಕೈ ತಡೆಯಿತು. ಕಾರಣ ಬರೆದರೆ ಅಕ್ಕನ ಉತ್ತರ ತನಗೆ ಗೊತ್ತಾಗಿದೆ ಎಂದು ಬರೆದಂತಾಗುತ್ತದೆ, ಅದು ಕೊಟ್ಟ ಮಾತಿಗೆ ಭಂಗ. ಸುಮ್ಮನೆ ಹಾಳೆ ಮಡಚಿದಳು.

ಫಲಿತಾಂಶ ಹೇಳುವ ದಿನ ಬಟ್ಟೆ ಮೇಷ್ಟ್ರು ಕೈ ಉಜ್ಜಿಕೊಳ್ಳುತ್ತ ಬಂದರು. ಜೊತೆಗೆ ಪ್ರಿನ್ಸಿಪಾಲ್, ಹಿಂದೆ ಬಣ್ಣದ ಮೇಡಂ. ಅವರಿಬ್ಬರೂ ಮದುವೆ ಮನೆಗೆ ಬಂದವರ ಹಾಗೆ ಮೊದಲ ಬೆಂಚಿನಲ್ಲಿ ಕೂತರು.

"ನಿಮಗೆಲ್ಲ ಒಂದು ಸಣ್ಣ ಗುಟ್ಟು ಹೇಳ್ತೀನಿ" ಎಂದರು ಮೇಷ್ಟ್ರು. "ನಾನು ಕೊಟ್ಟಿದ್ದು ಬೇರೆ ಬೇರೆ ಬಟ್ಟೆ ಅಲ್ಲ. ಎಲ್ಲಾ ಒಂದೇ ಬಟ್ಟೆ. ಹತ್ತಿಗೆ ಚೂರು ಉಣ್ಣೆ ಬೆರೆಸಿದ್ದು. ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಬಣ್ಣ ಹಾಕಿದ್ದೆ, ಅಷ್ಟೇ."

"ಅದಕ್ಕೇನ್ರೀ ನನ್ನ ಲ್ಯಾಬಿನ ಬೀಗದಕೈ ಕೇಳಿದ್ದು?" ಎಂದರು ಬಣ್ಣದ ಮೇಡಂ. ಕೆಲವರು ನಕ್ಕರು.

ಮೇಷ್ಟ್ರು ತಮ್ಮ ಜಾಣತನವನ್ನು ಬಿಡಿಸಿ ಹೇಳಿದರು. ತನ್ನ ಪಾಡಿಗೆ ತಾನು ಮಾಡಿದವನಿಗೆ ಹತ್ತಿ ಮತ್ತು ಉಣ್ಣೆ ಸಿಗುತ್ತದೆ, ಬರೆಯುತ್ತಾನೆ. ಪಕ್ಕದವರ ಉತ್ತರ ನೋಡಿದವನಿಗೆ ಅಲ್ಲೂ ಅದೇ ಕಾಣುತ್ತದೆ. ಎಲ್ಲರದೂ ಬೇರೆ ಎಂದಿದ್ದಾರಲ್ಲ, ನನ್ನದು ತಪ್ಪಿರಬೇಕು ಎಂದು ಗಾಬರಿಯಾಗಿ ಬದಲಾಯಿಸುತ್ತಾನೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ. ಮನೆ ಪರೀಕ್ಷೆಗೆ ಕಾವಲುಗಾರ ಬೇಕಾಗಿಲ್ಲ ಮೇಡಂ. ಪ್ರಶ್ನೇನೇ ಕಾವಲುಗಾರ" ಎಂದು ಪ್ರಿನ್ಸಿಪಾಲರಿಗೆ ತಲೆಬಾಗಿದರು.

ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎನ್ನುವುದು ಇದಕ್ಕೇ. ನಿಮ್ಮನ್ನ ನಂಬಿ ಕೊಡ್ತಾ ಇದ್ದೀನಿ ಎಂದ ನಾಲಗೆಯೇ ಇದು. ಪುಟ್ಟಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ, ತಾನು ಹಾಳೆಯಲ್ಲಿ ಹೊಡೆದುಹಾಕಿದ ಉಣ್ಣೆ ಕಣ್ಣ ಮುಂದೆ ಬಂತು.

"ಉತ್ತರ ತಪ್ಪಿರೋದು ಇಬ್ಬರದ್ದು" ಎಂದು ಮೇಷ್ಟ್ರು ಮುಂದುವರಿಸಿದರು. "ಒಬ್ಬ ರೇಷ್ಮೆ ಅಂತ ಬರೆದಿದ್ದಾನೆ. ಅವನು ಕಳ್ಳ ಅಲ್ಲ, ದಡ್ಡ." ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೈ ಮುಗಿದ. ತರಗತಿ ಗೊಳ್ಳೆಂದಿತು. "ಇನ್ನೊಬ್ಬರದು ಹೇಳೋಕೆ ನಂಗೇ ಬೇಜಾರು. ಮೊದಲು ಉಣ್ಣೆ ಅಂತ ಬರೆದು, ಆಮೇಲೆ ಹೊಡೆದುಹಾಕಿ, ಶುದ್ಧ ಹತ್ತಿ ಅಂತ ಬರೆದಿದ್ದಾಳೆ. ಇಡೀ ಕಾಲೇಜಲ್ಲಿ ಉಣ್ಣೆ ವಾಸನೇನ ತಪ್ಪಿಸ್ಕೊಂಡು ಹೋಗೋಕೆ ಬಿಡದ ಮೂಗು ಒಂದೇ ಒಂದು. ಎದ್ದು ನಿಲ್ಲಮ್ಮ."

ಪುಟ್ಟಿ ಎದ್ದು ನಿಂತಳು. ಕೈ ತಣ್ಣಗಾಗುತ್ತಿತ್ತು.

"ನಾನು ಯಾರನ್ನೂ ಕೇಳಿಲ್ಲ ಸಾರ್. ಅಕ್ಕ ಸುಟ್ಟಾಗ ಕೋಣೇಲಿ ವಾಸನೆ ನಿಂತಿತ್ತು. ಎಲ್ಲರದೂ ಬೇರೆ ಅಂತ ನೀವು ಹೇಳಿದ್ರಲ್ಲ, ಅದಕ್ಕೇ ಅದು ಅವಳದ್ದು ಅಂದ್ಕೊಂಡೆ."

"ವಾಸನೆ ಬಂತೋ, ಮಾತು ಬಂತೋ?"

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಅವರು ನಕ್ಕಿದ್ದರೆ ವಾಸಿಯಿತ್ತು. ನಂಬಿದ ಮಗಳು ಕೈಕೊಟ್ಟಳು ಎನ್ನುವ ಮುಖ ಮಾಡಿಕೊಂಡು ನಿಂತಿದ್ದರು. ಮೋಸ ಮಾಡಿದವರೇ ಮೋಸಹೋದವರ ಮುಖ ಹಾಕಿಕೊಂಡರೆ ಯಾರಿಗೆ ಹೇಳಬೇಕು?

"ಅಕ್ಕನ್ನ ಕೇಳಿ ಸಾರ್" ಎಂದಳು ಪುಟ್ಟಿ. "ನಾವು ಮಾತಾಡ್ಬಾರ್ದು ಅಂತ ಮೊದಲೇ ಹೇಳ್ಕೊಂಡಿದ್ವಿ. ಅವಳಿಗೆ ಗೊತ್ತು."

ಮೇಷ್ಟ್ರು ಅಕ್ಕನ ಕಡೆ ತಿರುಗಿದರು. ಅಕ್ಕ ಎದ್ದಳು. ತನ್ನ ಬೆರಳಿನ ಉಂಗುರ ತಿರುಗಿಸುತ್ತ ನಿಂತಳು.

"ನಾನು ನನ್ನದು ಮಾಡಿ ಮುಗಿಸಿ ಎತ್ತಿಟ್ಟಿದ್ದೆ ಸಾರ್. ಇವಳು ಏನು ಮಾಡಿದ್ಲು ಅಂತ ನಾನು ನೋಡಿಲ್ಲ."

ಮಾತಿನಲ್ಲಿ ಸುಳ್ಳಿಲ್ಲ. ನಿಜವಾಗಿಯೂ ನೋಡಿರಲಿಲ್ಲ. ಆದರೆ ಎತ್ತಿಟ್ಟಿದ್ದೆ ಎಂಬ ಆ ಒಂದು ಮಾತಿನಲ್ಲಿ, ಎತ್ತಿಟ್ಟದ್ದನ್ನು ಇವಳು ತೆಗೆದು ನೋಡಿರಬಹುದು ಎಂಬ ಬಾಗಿಲು ತೆರೆದುಕೊಂಡಿತು. ತರಗತಿಯವರೆಲ್ಲ ಆ ಬಾಗಿಲಿನಿಂದ ಇಣುಕಿದರು. ಪುಟ್ಟಿ ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕ ಉಂಗುರವನ್ನೇ ನೋಡುತ್ತಿದ್ದಳು.

ಸಂಜೆ ಕೋಣೆಯಲ್ಲಿ ಅಕ್ಕ ಚಹಾ ಮಾಡಿ ಲೋಟ ತಂದು ಮುಂದಿಟ್ಟಳು. ಪುಟ್ಟಿ ಮುಟ್ಟಲಿಲ್ಲ.

"ನಾನೇನು ಹೇಳ್ಬೇಕಿತ್ತೇ?" ಎಂದಳು ಅಕ್ಕ. "ಇಬ್ಬರೂ ಒಂದೇ ಕೋಣೇಲಿ ಸುಟ್ವಿ ಅಂದಿದ್ರೆ ನನ್ನನ್ನೂ ಸೇರಿಸಿ ನಿಲ್ಲಿಸ್ತಿದ್ರು."

"ನಾನು ಕೇಳಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ಕೇಳಿದ್ರೆ ಒಳ್ಳೇದಾಗ್ತಿತ್ತು ಕಣೇ." ಬಾಯಿ ತಪ್ಪಿ ಬಂದ ಮಾತು. ಅಕ್ಕ ತುಟಿ ಕಚ್ಚಿಕೊಂಡಳು.

"ಅಂದ್ರೆ?"

ಬಾಯಿ ಬಿಟ್ಟರೆ ಬಣ್ಣಗೇಡು. ಆದರೆ ಪುಟ್ಟಿ ಬಿಡಲಿಲ್ಲ, ಎದುರಿಗೆ ಬಂದು ನಿಂತಳು. ಅಕ್ಕ ಮಂಚದ ಮೇಲೆ ಕುಸಿದು ಕೂತು, ಒಂದೊಂದಾಗಿ ಕಕ್ಕಿದಳು. ಪೊಟ್ಟಣ ಕೊಟ್ಟ ದಿನವೇ ತರಗತಿಯವರೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ನಂಗೆ ಚೂರು ಕೂದಲ ವಾಸನೆ ಎಂದು ಒಬ್ಬ ಹಾಕಿದ. ನಂಗೂ ಎಂದು ಇನ್ನೊಬ್ಬಳು. ನಂಗೂ, ನಂಗೂ. ಮೇಷ್ಟ್ರ ಆಟ ಗೊತ್ತಾಗಿಹೋಯಿತು. ಹತ್ತಿ ಮತ್ತು ಉಣ್ಣೆ ಎಂದು ಎಲ್ಲರೂ ಕಣ್ಣು ಮುಚ್ಚಿ ಬರೆದರು. ಕೆಲವರು ಬೆಂಕಿಕಡ್ಡಿಯನ್ನೂ ಗೀರಿರಲಿಲ್ಲ. ರೇಷ್ಮೆ ಎಂದು ಬರೆದ ಹುಡುಗನ ಫೋನು ಕೆಟ್ಟಿತ್ತು.

"ನನ್ನನ್ನ ಯಾಕೆ ಸೇರಿಸ್ಲಿಲ್ಲ?"

"ನೀನು ಮೇಷ್ಟ್ರ ಕಡೆಯೋಳು, ಹೋಗಿ ಹೇಳಿಬಿಡ್ತೀಯ ಅಂದ್ರು. ನಂಗೂ ಹೌದು ಅನ್ನಿಸ್ತು. ಅಲ್ಲದೆ ನೀನೇ ಅಲ್ವಾ, ಒಂದಕ್ಷರ ಮಾತಾಡ್ಬಾರ್ದು ಅಂದೋಳು? ನಿನ್ನ ಮಾತು ನಾನು ಉಳಿಸ್ದೆ."

ಇದನ್ನು ಹೇಳುವಾಗ ಅಕ್ಕನ ಧ್ವನಿಯಲ್ಲಿ ಒಂದಿಷ್ಟು ನ್ಯಾಯವೂ ಇತ್ತು, ಅದೇ ಪುಟ್ಟಿಯನ್ನು ಹೆಚ್ಚು ಸುಟ್ಟದ್ದು. ಚಿಕ್ಕಂದಿನಲ್ಲಿ ಒಂದೇ ಹೊದಿಕೆಯೊಳಗೆ ಮಲಗಿದ್ದವರು ಇಬ್ಬರೂ. ಪುಟ್ಟಿ ಮೆಟ್ಟಿಲ ಮೇಲೆ ಕೂತು ತನ್ನ ಮಾತು ಕಾಯುತ್ತಿದ್ದಾಗ ಒಳಗೆ ಅಕ್ಕ ಊರಿಗೆಲ್ಲ ಉತ್ತರ ಹಂಚುತ್ತಿದ್ದಳು. ಪುಟ್ಟಿಗೆ ಅಳು ಬಂತು, ಅತ್ತಳು. ಅಕ್ಕ ಬೆನ್ನು ಸವರಲು ಬಂದಳು. ಪುಟ್ಟಿ ಆ ಕೈ ತೆಗೆದು ಪಕ್ಕಕ್ಕಿಟ್ಟಳು.

ಮಾರನೆಯ ದಿನ ಬಟ್ಟೆ ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದರು. ಸಿಟ್ಟು ಇಳಿದಿತ್ತು, ದಯೆ ಬಂದಿತ್ತು. ದೊಡ್ಡವರ ದಯೆ ಒಮ್ಮೊಮ್ಮೆ ಸಿಟ್ಟಿಗಿಂತ ಭಾರ.

"ನೋಡಮ್ಮ, ನಕಲು ಮಾಡಿದ್ರೆ ಆ ವಿಷಯದಲ್ಲಿ ಫೇಲ್, ಅದು ನಿಯಮ. ಆದ್ರೆ ನಿನ್ನನ್ನ ಕಳ್ಕೊಳ್ಳೋಕೆ ನಂಗಿಷ್ಟ ಇಲ್ಲ. ಹಾಲ್‌ನಲ್ಲಿ ಇನ್ನೊಂದು ಸಲ ಬರಿ. ಸಮಿತಿ ಕೂತಾಗ ಬಂದು, ತಪ್ಪಾಯ್ತು, ಈ ಪರೀಕ್ಷೆ ನನ್ನ ಕಣ್ಣು ತೆರೆಸ್ತು ಅಂತ ಒಂದು ಮಾತು ಹೇಳು. ಮನೆ ಪರೀಕ್ಷೆ ಉಳಿಯುತ್ತೆ, ನೀನೂ ಉಳೀತೀಯ."

"ಸಾರ್, ನಾನು ಕೇಳಿಲ್ಲ. ನೀವು ನಂಬ್ತೀರಾ ಇಲ್ವಾ, ಅದಷ್ಟೇ ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಂಬೋದು ಬಿಡೋದು ಬೇರೆ ವಿಷಯಮ್ಮ" ಎಂದರು.

ಅವಳಿಗೆ ಬೇಕಾಗಿದ್ದು ಅಂಕ ಅಲ್ಲ. ಹುಟ್ಟಿದಾಗಿನಿಂದ ನೀನು ಗಟ್ಟಿಗಿತ್ತಿ ಎಂದು ಹೇಳಿದ ಒಬ್ಬರೇ ಒಬ್ಬರು, ನೀನು ಕಳ್ಳಿ ಅಲ್ಲ ಎಂದೂ ಹೇಳಬೇಕು. ಅಷ್ಟೇ. ಅಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಡಲು ಮೇಷ್ಟ್ರು ಸಿದ್ಧರಿದ್ದರು.

ಹಾಲ್‌ನಲ್ಲಿ ಕಾವಲಿಗೆ ಬಂದವರು ಬಣ್ಣದ ಮೇಡಂ. ಖಾಲಿ ಬೆಂಚುಗಳ ನಡುವೆ ಪುಟ್ಟಿ ಒಬ್ಬಳೇ. ಮುಂದೆ ಮೇಣದ ಬತ್ತಿ, ಚಿಮಟ, ಸೂಕ್ಷ್ಮದರ್ಶಕ, ಒಂದು ಬಿಳಿ ಬಟ್ಟೆಯ ತುಂಡು. ಕೈ ಎಂದಿನಂತೆ ನಡುಗಿತು. ಗಾಜಿನ ಪಟ್ಟಿ ಟಕಟಕ ಎಂದಿತು.

"ನಾನು ಓಡಾಡಲ್ಲ, ಇಲ್ಲೇ ಕೂತಿರ್ತೀನಿ" ಎಂದರು ಮೇಡಂ. "ಆದ್ರೆ ನಿನ್ನ ಮೇಲಿನ ಕಣ್ಣೂ ತೆಗೆಯೋದಿಲ್ಲ. ಬೇಕಾದಷ್ಟು ನಡುಗು."

ಪುಟ್ಟಿ ನಡುಗುತ್ತಲೇ ನೂಲು ಸುಟ್ಟಳು, ನಡುಗುತ್ತಲೇ ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ತಿರುಚಿದ ಪಟ್ಟಿಯ ಹಾಗೆ ಹತ್ತಿ ಕಂಡಿತು. ಹತ್ತಿಯೇ ಎಂದು ಮೂಗೂ ಹೇಳಿತು. ಆದರೂ ಬರೆಯಲು ಕೈ ಬರಲಿಲ್ಲ. ಇದರಲ್ಲೂ ಏನು ಆಟವಿದೆಯೋ ಎಂದು ಬಟ್ಟೆಯನ್ನು ತಿರುವಿ ಮುರುವಿ ನೋಡಿದಳು. ಬೆಳಕಿಗೆ ಹಿಡಿದಳು. ಬಾಗಿಲ ಕಡೆ ನೋಡಿದಳು. ಇಷ್ಟು ದಿನ ಬಟ್ಟೆ ಅಂದರೆ ಬಟ್ಟೆಯಾಗಿತ್ತು.

"ಮೇಡಂ, ಇದು ಬರೀ ಬಟ್ಟೇನಾ? ಇದರಲ್ಲಿ ಬೇರೆ ಏನಾದ್ರೂ ಇದೆಯಾ?"

"ಬಟ್ಟೆ ಕಣಮ್ಮ. ನನ್ನ ಕಪಾಟಿನಿಂದ ನಾನೇ ಕತ್ತರಿಸಿದ್ದು."

ಹತ್ತಿ ಎಂದು ಬರೆದಳು. ಅಕ್ಷರ ಕುಣಿದಾಡಿತು, ಉತ್ತರ ಸರಿಯಿತ್ತು.

ಸಮಿತಿ ಅದೇ ಕೋಣೆಯಲ್ಲಿ ಕೂತಿತು. ಪ್ರಿನ್ಸಿಪಾಲ್, ಬಣ್ಣದ ಮೇಡಂ, ಬಟ್ಟೆ ಮೇಷ್ಟ್ರು. ಪ್ರಯೋಗ ಯಶಸ್ವಿಯಾಗಿದೆ, ಇನ್ನು ಎಲ್ಲ ವಿಷಯಕ್ಕೂ ಮನೆ ಪರೀಕ್ಷೆ ಇಡಬಹುದು ಎಂದು ಮೇಷ್ಟ್ರು ಉತ್ಸಾಹದಿಂದ ವಿವರಿಸಿದರು. ಇಡೀ ತರಗತಿಯಲ್ಲಿ ದಾರಿ ತಪ್ಪಿದವಳು ಒಬ್ಬಳೇ, ಅವಳೂ ಪಶ್ಚಾತ್ತಾಪ ಪಟ್ಟಿದ್ದಾಳೆ, ಎಂದು ಪುಟ್ಟಿಯ ಕಡೆ ಕೈ ತೋರಿಸಿದರು.

ಪುಟ್ಟಿ ಎದ್ದು ನಿಂತಳು. ಅಕ್ಕನ ಹೆಸರು ನಾಲಗೆಯ ತುದಿಗೆ ಬಂತು. ಆ ಗುಂಪಿನ ಮಾತು ಒಂದು ಹೇಳಿದರೆ ಸಾಕು, ತನ್ನ ಮೈಮೇಲಿನ ಕೆಸರು ತೊಳೆದುಹೋಗುತ್ತದೆ. ಆದರೆ ನೀನು ಹೋಗಿ ಹೇಳಿಬಿಡ್ತೀಯ ಎಂದಿದ್ದರಲ್ಲ, ಆ ಮಾತು ನಿಜ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಹೆಸರನ್ನು ನುಂಗಿಕೊಂಡಳು.

"ನಾನು ಯಾರ ಹತ್ರಾನೂ ಮಾತಾಡಿಲ್ಲ ಮೇಡಂ" ಎಂದಳು. "ಮಾತಾಡಿದ್ರೆ ನಂಗೂ ಪೂರ್ತಿ ಅಂಕ ಬರ್ತಿತ್ತು. ನೀವೇ ಯೋಚನೆ ಮಾಡಿ. ನಾಲ್ಕು ಜನ ಕೂತು ಮಾತಾಡ್ಕೊಂಡ್ರೆ, ನಾಲ್ಕು ಜನಕ್ಕೂ ಒಂದೇ ವಾಸನೆ ಅಂತ ಗೊತ್ತಾಗಲ್ವಾ? ಬಟ್ಟೆ ಒಂದೇ ಅಂತ ಗೊತ್ತಾಗಲ್ವಾ? ಬೇರೆ ಬೇರೆ ಅಂತ ಕೊನೇ ತನಕ ನಂಬ್ಕೊಂಡಿರೋದು ಯಾರ ಹತ್ರಾನೂ ಮಾತಾಡದೇ ಇದ್ದೋಳು ಮಾತ್ರ."

ಬಣ್ಣದ ಮೇಡಂ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಪ್ರಿನ್ಸಿಪಾಲ್ ಮೇಷ್ಟ್ರ ಮುಖ ನೋಡಿದರು. ಪುಟ್ಟಿಯೂ ನೋಡಿದಳು.

ಮೇಷ್ಟ್ರು ದಡ್ಡರಲ್ಲ. ಬಲೆ ಯಾವ ಮೀನಿಗೆ ಹಾಕಿದ್ದು, ಯಾವ ಮೀನು ಬಿದ್ದದ್ದು ಎಂದು ಆ ಕ್ಷಣದಲ್ಲೇ ಅವರಿಗೆ ಹೊಳೆಯಿತು. ಹೊಳೆದದ್ದು ಮುಖದಲ್ಲಿ ಕಂಡಿತು. ಬಾಯಿ ತೆರೆದರು. ಪುಟ್ಟಿ ಉಸಿರು ಹಿಡಿದು ಕಾದಳು. ಹೌದು, ನನ್ನದೇ ತಪ್ಪು, ಎಂದುಬಿಟ್ಟರೆ ಸಾಕು, ಉಳಿದದ್ದನ್ನೆಲ್ಲ ಅವಳು ಅಲ್ಲೇ ಮರೆಯಲು ಸಿದ್ಧಳಿದ್ದಳು. ಮೇಷ್ಟ್ರ ಕಣ್ಣು ಒಮ್ಮೆ ಅವಳ ಮೇಲೆ ಹೋಯಿತು, ಒಮ್ಮೆ ಮುಂದಿದ್ದ ವರದಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಇದೆಲ್ಲ ಊಹೆ ಮೇಡಂ" ಎಂದರು. "ತಪ್ಪು ಮಾಡಿದ ಮಕ್ಕಳು ಹೀಗೆ ಏನಾದ್ರೂ ಹೇಳ್ತಾರೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಏನು ಮಾಡಬೇಕು? ಪ್ರಿನ್ಸಿಪಾಲ್ ಗಂಟಲು ಸರಿಮಾಡಿಕೊಂಡರು.

"ಹೋಗ್ಲಿ ಬಿಡಮ್ಮ. ಹೋದ ಸಲ ಮನೆ ಪರೀಕ್ಷೆ ಬೇಕು ಅಂತ ಕೇಳಿದೋಳು ನೀನೇ. ಈಗೇನು ಹೇಳ್ತೀಯ? ಮುಂದಿನ ವರ್ಷ ಯಾವುದಿಡೋಣ?"

"ಹಾಲ್‌ನಲ್ಲೇ ಇಡಿ ಮೇಡಂ."

"ಅಲ್ಲಿ ನಿನ್ನ ಕೈ ನಡುಗುತ್ತಲ್ಲಮ್ಮ?"

"ನಡುಗ್ಲಿ" ಎಂದಳು ಪುಟ್ಟಿ. ಮೇಷ್ಟ್ರ ಕಡೆ ತಿರುಗಿ ನೋಡಲಿಲ್ಲ. "ನಮ್ಮನ್ನ ನಂಬಲ್ಲ ಅಂತ ಅಲ್ಲಿ ಬಾಗಿಲಲ್ಲೇ ಹೇಳ್ತಾರೆ."